ಓದಿದರೂ ಸಿಗದ ತಪ್ಪುಗಳು

2024ರ ಜುಲೈ 19, ಶುಕ್ರವಾರ. ಮಧ್ಯಾಹ್ನವಾಗುವ ಹೊತ್ತಿಗೆ ಬೆಂಗಳೂರು, ಹೈದರಾಬಾದು, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿದ್ದರಿಂದ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದರು. ಅದೇ ದಿನ ಇಂಗ್ಲೆಂಡಿನಲ್ಲಿ ಸ್ಕೈ ನ್ಯೂಸ್ ವಾಹಿನಿಯ ಪ್ರಸಾರ ನಿಂತುಹೋಯಿತು. ಅಲ್ಲಿನ ಅನೇಕ ವೈದ್ಯರು ರೋಗಿಗಳ ದಾಖಲೆಗಳನ್ನು ತೆರೆಯಲಾಗದೆ ಕುಳಿತರು. ಅಮೆರಿಕದಲ್ಲಿ ಸಾವಿರಾರು ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ಅಂದಾಜಿನ ಪ್ರಕಾರ ಅಂದು ನೀಲಿ ಪರದೆ ತೋರಿಸಿ ನಿಂತ ವಿಂಡೋಸ್ ಕಂಪ್ಯೂಟರುಗಳ ಸಂಖ್ಯೆ ಸುಮಾರು 85 ಲಕ್ಷ.

ಇದು ವೈರಸ್ ದಾಳಿಯಾಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಕಂಪ್ಯೂಟರುಗಳನ್ನು ಇಂಥ ದಾಳಿಗಳಿಂದ ಕಾಯಲೆಂದೇ ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ತಯಾರಿಸಿದ ತಂತ್ರಾಂಶವೇ ಅವನ್ನು ಕೆಡವಿತ್ತು. ಆ ತಂತ್ರಾಂಶದ ಮುಖ್ಯ ಭಾಗ 'ಡ್ರೈವರ್' ಎಂಬ ಜಾತಿಗೆ ಸೇರಿದ್ದು. ಆ ಡ್ರೈವರು ಒಂದು ಪಟ್ಟಿಯಲ್ಲಿ 21ನೆಯ ಅಂಶವನ್ನು ಓದಲು ಹೋಯಿತು. ಪಟ್ಟಿಯಲ್ಲಿ ಇದ್ದದ್ದು ಇಪ್ಪತ್ತೇ.

ಎಣಿಕೆಯ ಇಷ್ಟು ಸಣ್ಣ ತಪ್ಪನ್ನು ಮೊದಲೇ ಹಿಡಿಯುವ ಉಪಾಯ ಇರಲಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಪ್ರೋಗ್ರಾಂಗಳನ್ನು ಓದಿ ತಪ್ಪು ಹುಡುಕುವ ಪ್ರೋಗ್ರಾಂಗಳು ಇವೆ. ಡ್ರೈವರುಗಳ ಮೇಲೆಯೇ ಕಣ್ಣಿಟ್ಟು ತಯಾರಾದವೂ ಇವೆ. ಇಪ್ಪತ್ತೈದು ವರ್ಷಗಳಲ್ಲಿ ಅವು ಮಾಡಿರುವ ಕೆಲಸ ಕಡಿಮೆಯದಲ್ಲ. ಆದರೂ ಅವುಗಳ ಕಣ್ಣಿಗೆ ಬೀಳದ ತಪ್ಪುಗಳು ಯಾವುವು, ಏಕೆ ಬೀಳುವುದಿಲ್ಲ ಎಂಬುದು ಕಂಪ್ಯೂಟರ್ ಓದುವ ಮಕ್ಕಳೂ, ಅವರನ್ನು ಓದಿಸುವ ತಂದೆ ತಾಯಿಯರೂ ತಿಳಿಯಬೇಕಾದ ಸಂಗತಿ.

ಯಾರು ಈ ಡ್ರೈವರ್?

ಕಂಪ್ಯೂಟರಿಗೆ ಪ್ರಿಂಟರು, ಕೀಲಿಮಣೆ, ಕ್ಯಾಮೆರಾ, ಡಿಸ್ಕು, ನೆಟ್‌ವರ್ಕ್ ಕಾರ್ಡು ಹೀಗೆ ಹತ್ತಾರು ಉಪಕರಣಗಳು ಅಂಟಿಕೊಂಡಿರುತ್ತವೆ. ಒಂದೊಂದು ಕಂಪೆನಿಯ ಉಪಕರಣದ ಭಾಷೆ ಒಂದೊಂದು. ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣೆ ವ್ಯವಸ್ಥೆ 'ಈ ಪುಟವನ್ನು ಅಚ್ಚು ಹಾಕು' ಎಂದಷ್ಟೇ ಹೇಳುತ್ತದೆ. ಅದನ್ನು 'ಇಂಥ ಕೋಶದಲ್ಲಿ ಇಂಥ ಸಂಖ್ಯೆ ಬರೆ, ಉಪಕರಣ ಸಿದ್ಧವಾಗುವ ತನಕ ಕಾಯಿ, ಆಮೇಲೆ ಮುಂದಿನ ಸಂಖ್ಯೆ ಬರೆ' ಎಂದು ಬಿಡಿಸಿ ಹೇಳುವ ದುಭಾಷಿಯೇ ಡ್ರೈವರು. ಉಪಕರಣವೇ ಇಲ್ಲದ ಡ್ರೈವರುಗಳೂ ಉಂಟು. ಕ್ರೌಡ್‌ಸ್ಟ್ರೈಕ್‌ನ ಡ್ರೈವರು ಅಂಥದು. ಕಂಪ್ಯೂಟರಿನ ಒಳಗೆ ನಡೆಯುವುದನ್ನೆಲ್ಲ ಕಾವಲು ಕಾಯಲು ಅದು ಡ್ರೈವರಿನ ವೇಷ ತೊಟ್ಟು ಒಳಮನೆ ಸೇರಿದೆ.

ಆ ಒಳಮನೆಯ ಹೆಸರು 'ಕರ್ನಲ್', ಅಂದರೆ ತಿರುಳು. ಸಾಮಾನ್ಯ ಪ್ರೋಗ್ರಾಂಗಳ ನಡುವೆ ಕಾಂಪೌಂಡ್ ಗೋಡೆಗಳಿರುತ್ತವೆ. ಹುಡುಗನೊಬ್ಬ ಬರೆದ ಆಟದ ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈಹಾಕಿದರೆ ಅದೊಂದೇ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ತೆರೆದಿಟ್ಟ ಪತ್ರಕ್ಕೆ ಏನೂ ಆಗುವುದಿಲ್ಲ. ಕರ್ನಲ್ಲಿನೊಳಗೆ ಹೀಗೆ ಗೋಡೆಗಳಿಲ್ಲ. ಅಲ್ಲಿ ಒಂದು ಡ್ರೈವರು ಎಡವಿದರೆ ಇಡೀ ಯಂತ್ರವೇ ನಿಲ್ಲುತ್ತದೆ.

1998ರ ಏಪ್ರಿಲ್‌ನಲ್ಲಿ ಷಿಕಾಗೋ ನಗರದ ಕಂಪ್ಯೂಟರ್ ಮೇಳದಲ್ಲಿ ಬಿಲ್ ಗೇಟ್ಸ್ ಇನ್ನೂ ಮಾರುಕಟ್ಟೆಗೆ ಬರದಿದ್ದ ವಿಂಡೋಸ್ 98 ಅನ್ನು ಪರಿಚಯಿಸುತ್ತಿದ್ದರು. ಸಹಾಯಕ ಒಂದು ಸ್ಕ್ಯಾನರಿನ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿದ್ದೇ ತಡ, ದೊಡ್ಡ ಪರದೆ ನೀಲಿಯಾಯಿತು. ಸಭೆ ನಕ್ಕಿತು. ಅದಕ್ಕೇ ಅದನ್ನಿನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಎಂದು ಗೇಟ್ಸ್ ಕೂಡ ನಗೆಯಾಡಿದರು. ನಗೆಯ ಹಿಂದಿನ ಲೆಕ್ಕ ಮಾತ್ರ ನಗುವಂಥದಲ್ಲ. ಕೆಲವು ವರ್ಷಗಳ ಬಳಿಕ ವಿಂಡೋಸ್ ಎಕ್ಸ್‌ಪಿ ಕುಸಿದುಬಿದ್ದ ವರದಿಗಳನ್ನು ಎಣಿಸಿದಾಗ ಶೇಕಡಾ 85ಕ್ಕೆ ಡ್ರೈವರುಗಳೇ ಕಾರಣವೆಂದು ಕಂಡುಬಂತು. 2001ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾಸನ್ ಎಂಗ್ಲರ್ ಮತ್ತು ಅವರ ವಿದ್ಯಾರ್ಥಿಗಳು ಲಿನಕ್ಸ್ ಕರ್ನಲ್ಲಿನ ಹಲವು ವರ್ಷಗಳ ಆವೃತ್ತಿಗಳನ್ನು ಜಾಲಾಡಿದರು. ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಕರ್ನಲ್ಲಿನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟು ಹೆಚ್ಚಿತ್ತು.

ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಕಾರ್ಯಾಚರಣೆ ವ್ಯವಸ್ಥೆಯನ್ನು ಬರೆಯುವವರು ಒಂದು ಗುಂಪು, ಡ್ರೈವರು ಬರೆಯುವವರು ಉಪಕರಣ ತಯಾರಿಸುವ ನೂರಾರು ಕಂಪೆನಿಗಳಲ್ಲಿ ಚದುರಿದವರು. ಅತ್ತೆಮನೆಯ ಕಟ್ಟುಕಟ್ಟಳೆ ಸೊಸೆಗೆ ಪೂರ್ತಿ ತಿಳಿಯುವ ಮೊದಲೇ ಅಡುಗೆಮನೆ ಒಪ್ಪಿಸಿದಂತೆ. ಪ್ರಮಾಣವಾದರೂ ಎಷ್ಟು! ಲಿನಕ್ಸ್ ಕರ್ನಲ್ಲು 2025ರ ಆರಂಭದಲ್ಲಿ 4 ಕೋಟಿ ಸಾಲುಗಳನ್ನು ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರುಗಳೇ.

ಓಡಿಸದೆ ಓದುವುದು

ಬರೆದ ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಓಡಿಸಿ ಪರೀಕ್ಷಿಸುವುದು ಹಳೆಯ ಪದ್ಧತಿ. ಡ್ರೈವರುಗಳ ಮಟ್ಟಿಗೆ ಇದು ಕಷ್ಟ. ಮೊದಲನೆಯದಾಗಿ ಉಪಕರಣ ಕೈಯಲ್ಲಿರಬೇಕು. ಎರಡನೆಯದಾಗಿ, ಓದುತ್ತಿರುವಾಗಲೇ ಡಿಸ್ಕು ಕೆಡುವುದು, ಅರ್ಧ ಅಚ್ಚಾದಾಗ ಯಾರೋ ತಂತಿ ಕೀಳುವುದು, ಸ್ಮೃತಿಯಲ್ಲಿ ಜಾಗವೇ ಉಳಿಯದಿರುವುದು ಇವೆಲ್ಲ ಅಪರೂಪಕ್ಕೆ ನಡೆಯುವ ಘಟನೆಗಳು. ಇವನ್ನು ನಿಭಾಯಿಸಲು ಬರೆದ ಸಾಲುಗಳು ಪರೀಕ್ಷೆಯ ಕೊಠಡಿಯಲ್ಲಿ ಒಮ್ಮೆಯೂ ಓಡದೇ ಇರಬಹುದು. ತಪ್ಪುಗಳು ಗೂಡು ಕಟ್ಟುವುದು ಅಂಥ ಕಡೆಯೇ.

ಆದ್ದರಿಂದ ಬಂದ ಯೋಚನೆ: ಪ್ರೋಗ್ರಾಂ ಅನ್ನು ಓಡಿಸುವುದೇ ಬೇಡ, ಅದರ ಪಠ್ಯವನ್ನು ಇನ್ನೊಂದು ಪ್ರೋಗ್ರಾಂ ಓದಿ ತಪ್ಪು ಹುಡುಕಲಿ. ಇದಕ್ಕೆ 'ಸ್ಟ್ಯಾಟಿಕ್ ಅನಾಲಿಸಿಸ್' ಎಂಬ ಹೆಸರು. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವ ಕೆಲಸವಿದ್ದಂತೆ. ಓದುವ ಯಂತ್ರಕ್ಕೆ ದಣಿವಿಲ್ಲ, ಉಪಕರಣ ಬೇಕಿಲ್ಲ, ಅಪರೂಪದ ಸಾಲು ಎಂಬ ಅಸಡ್ಡೆಯೂ ಇಲ್ಲ.

ಎಂಗ್ಲರ್ ತಂಡದ ಒಂದು ಜಾಣತನವನ್ನು ಇಲ್ಲಿ ಹೇಳಲೇಬೇಕು. ಪ್ರೋಗ್ರಾಂ ಏನು ಮಾಡಬೇಕೆಂಬುದು ಯಂತ್ರಕ್ಕೆ ತಿಳಿಯದು. ಆದರೆ ಬರೆದವನ ಮಾತಿನಲ್ಲೇ ವಿರೋಧವಿದ್ದರೆ, ವಿಷಯ ಗೊತ್ತಿಲ್ಲದವರೂ ಅದನ್ನು ಹಿಡಿಯಬಹುದಲ್ಲ! ಹಾದಿಯಲ್ಲಿ ಸಿಕ್ಕವನು ಮೊದಲು 'ನಾನು ಅವರ ಮನೆಯಲ್ಲಿ ಊಟ ಮಾಡಿಕೊಂಡೇ ಬಂದೆ' ಎಂದು, ಮರುಕ್ಷಣ 'ಅವರಿಗೆ ಮನೆ ಇದೆಯೋ ಇಲ್ಲವೋ ಗೊತ್ತಿಲ್ಲ' ಎಂದರೆ ಎರಡರಲ್ಲಿ ಒಂದು ಸುಳ್ಳು.

2009ರಲ್ಲಿ ಲಿನಕ್ಸ್‌ನ 'ಟನ್' ಎಂಬ ಡ್ರೈವರಿನಲ್ಲಿ ಬೆಳಕಿಗೆ ಬಂದ ತಪ್ಪು ಸರಿಯಾಗಿ ಹೀಗೆಯೇ ಇತ್ತು. ಒಂದು ಸಾಲಿನಲ್ಲಿ ಒಂದು ವಿಳಾಸಕ್ಕೆ ಹೋಗಿ ಮಾಹಿತಿ ತರಲಾಗಿತ್ತು. ಅದರ ನಂತರದ ಸಾಲಿನಲ್ಲಿ ಆ ವಿಳಾಸ ಖಾಲಿಯೇ ಎಂಬ ಪರೀಕ್ಷೆ. ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಇದನ್ನು ನೋಡಿ, 'ಆಗಲೇ ವಿಳಾಸಕ್ಕೆ ಹೋಗಿ ಬಂದಾಗಿದೆ, ಖಾಲಿ ಇರಲು ಸಾಧ್ಯವೇ ಇಲ್ಲ' ಎಂದು ತರ್ಕಿಸಿ ಪರೀಕ್ಷೆಯ ಸಾಲನ್ನೇ ಅಳಿಸಿಹಾಕಿತು. ಮೂಲ ಪಠ್ಯವನ್ನು ಓದುವವನಿಗೆ ಕಾವಲುಗಾರ ಬಾಗಿಲಲ್ಲಿ ನಿಂತಂತೆ ಕಾಣುತ್ತಾನೆ. ಓಡುವ ಪ್ರೋಗ್ರಾಂನಲ್ಲಿ ಅವನಿಲ್ಲ. ಆ ಕಿಂಡಿಯಿಂದ ಇಡೀ ಯಂತ್ರವನ್ನು ವಶಪಡಿಸಿಕೊಳ್ಳುವ ದಾರಿಯನ್ನು ಅದೇ ಜುಲೈನಲ್ಲಿ ಒಬ್ಬರು ತೋರಿಸಿಕೊಟ್ಟರು. 'ಮೊದಲು ಬಳಸಿ ಆಮೇಲೆ ಪರೀಕ್ಷಿಸು' ಎಂಬ ಈ ಜಾತಿಯ ವಿರೋಧವನ್ನು ಓದುವ ಯಂತ್ರ ಸುಲಭವಾಗಿ ಹೆಕ್ಕಿ ತೋರಿಸಬಲ್ಲದು.

ಮೈಕ್ರೋಸಾಫ್ಟ್ ಹಿಡಿದ ದಾರಿ ಬೇರೆ. ಅಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಎಂಬ ಸಂಶೋಧಕರು 2000ದ ಸುಮಾರಿಗೆ 'ಸ್ಲ್ಯಾಮ್' ಎಂಬ ಯೋಜನೆ ಆರಂಭಿಸಿದರು. ರಾಜಮಣಿ ಮುಂದೆ ಬೆಂಗಳೂರಿಗೆ ಬಂದು, 2005ರಲ್ಲಿ ಇಲ್ಲಿ ಪ್ರಾರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯ ಮುಖ್ಯಸ್ಥರಾದರು. ಸ್ಲ್ಯಾಮ್ ಪರೀಕ್ಷಿಸುತ್ತಿದ್ದ ನಿಯಮಗಳು ರೈಲ್ವೆಯ ಟೋಕನ್ ಪದ್ಧತಿಯಂಥವು. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ತರರಿಂದ ಟೋಕನ್ ಪಡೆದ ಮೇಲೆಯೇ ರೈಲು ಹೊರಡಬೇಕು, ಮುಂದಿನ ನಿಲ್ದಾಣದಲ್ಲಿ ಅದನ್ನು ಹಿಂದಿರುಗಿಸಬೇಕು. ರೈಲಿನ ಡ್ರೈವರಿಗಿರುವ ಈ ನಿಯಮ ಕಂಪ್ಯೂಟರಿನ ಡ್ರೈವರಿಗೂ ಇದೆ. ಹಂಚಿಕೊಂಡು ಬಳಸುವ ಮಾಹಿತಿಯನ್ನು ಮುಟ್ಟುವ ಮೊದಲು 'ಬೀಗ' ಪಡೆಯಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು. ಪಡೆದದ್ದನ್ನೇ ಮತ್ತೆ ಪಡೆಯಬಾರದು, ಬಿಡದೆ ಹೊರಡಬಾರದು.

ಸ್ಲ್ಯಾಮ್ ಮೊದಲು ಡ್ರೈವರಿನ ಒಂದು ಒರಟು ನಕ್ಷೆ ಬರೆದುಕೊಳ್ಳುತ್ತಿತ್ತು. ನಕ್ಷೆಯಲ್ಲಿ ನಿಯಮ ಮುರಿಯುವ ದಾರಿ ಕಂಡರೆ, ಆ ದಾರಿಯಲ್ಲಿ ನಿಜವಾಗಿ ಹೋಗಲು ಸಾಧ್ಯವೇ ಎಂದು ಮೂಲ ಪಠ್ಯದಲ್ಲಿ ನೋಡುತ್ತಿತ್ತು. ಸಾಧ್ಯವಿಲ್ಲದಿದ್ದರೆ ನಕ್ಷೆಯನ್ನು ಇನ್ನಷ್ಟು ಸ್ಪಷ್ಟಮಾಡಿ ಮತ್ತೆ ಹುಡುಕಾಟ. ಇದೇ ಮುಂದೆ ವಿಂಡೋಸ್ ವಿಸ್ಟಾ ಕಾಲಕ್ಕೆ 'ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್' ಎಂಬ ಹೆಸರಿನಲ್ಲಿ ಡ್ರೈವರು ಬರೆಯುವವರ ಕೈ ಸೇರಿತು. ಸುಮಾರು ಎರಡು ದಶಕ ದುಡಿದ ಮೇಲೆ ಮೈಕ್ರೋಸಾಫ್ಟ್ ಅದನ್ನು ಹಿಂತೆಗೆದುಕೊಂಡು, 'ಕೋಡ್‌ಕ್ಯೂಎಲ್' ಎಂಬ ಇನ್ನೊಂದು ಸಾಧನವನ್ನು ಆ ಜಾಗಕ್ಕೆ ತಂದಿದೆ.

ಫಲವೇನು? ಎಂಗ್ಲರ್ ಶಿಷ್ಯರು ಕಟ್ಟಿದ ಕವರಿಟಿ ಕಂಪೆನಿ 2004ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ಲಿನ 57 ಲಕ್ಷ ಸಾಲುಗಳಲ್ಲಿ 985 ತಪ್ಪುಗಳನ್ನು ತೋರಿಸಿತು. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಎಂಗ್ಲರ್ ತಂಡದ ಹಳೆಯ ಪರೀಕ್ಷೆಯನ್ನು ಹತ್ತು ವರ್ಷಗಳ ನಂತರದ ಲಿನಕ್ಸ್ ಮೇಲೆ ಪುನಃ ಮಾಡಿದರು. ಒಟ್ಟು ತಪ್ಪುಗಳಲ್ಲಿ ಹೆಚ್ಚಿನವು ಆಗಲೂ ಡ್ರೈವರುಗಳಲ್ಲೇ ಇದ್ದವು. ಆದರೆ ಸಾಲುಗಳ ಲೆಕ್ಕದಲ್ಲಿ ತಪ್ಪಿನ ಪ್ರಮಾಣ ಇಳಿದು, ಕರ್ನಲ್ಲಿನ ಕೆಲವು ಬೇರೆ ಭಾಗಗಳೇ ಡ್ರೈವರುಗಳಿಗಿಂತ ಮುಂದಾಗಿದ್ದವು. ಹೀಗಿರುವಾಗ ಈ ಸಾಧನಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅವುಗಳ ಮಿತಿಯ ಮಾತು ಬರುವುದು ಇದಾದ ಮೇಲೆ.

ಗೋಲ್ಡ್‌ಬಾಖ್‌ನ ಅಡ್ಡಗೋಡೆ

ಮೊದಲ ಮಿತಿ ಗಣಿತದ್ದು. 8 ಎಂದರೆ 3 ಮತ್ತು 5; 10 ಎಂದರೆ 3 ಮತ್ತು 7; 28 ಎಂದರೆ 5 ಮತ್ತು 23. ಎರಡಕ್ಕಿಂತ ದೊಡ್ಡದಾದ ಯಾವ ಸಮಸಂಖ್ಯೆಯನ್ನು ತೆಗೆದುಕೊಂಡರೂ ಅದನ್ನು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದೆಂಬ ಊಹೆ, 1742ರಲ್ಲಿ ಗೋಲ್ಡ್‌ಬಾಖ್ ಎಂಬಾತ ಗಣಿತಜ್ಞ ಆಯ್ಲರನಿಗೆ ಬರೆದ ಪತ್ರದಿಂದ ಹುಟ್ಟಿದ್ದು. 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆಯವರೆಗೆ ಕಂಪ್ಯೂಟರುಗಳಿಂದ ಪರೀಕ್ಷಿಸಿ ನೋಡಲಾಗಿದೆ. ಒಂದು ಅಪವಾದವೂ ಸಿಕ್ಕಿಲ್ಲ. ಆದರೆ ಎಲ್ಲ ಸಂಖ್ಯೆಗೂ ನಿಜವೆಂದು ಇದುವರೆಗೆ ಯಾರೂ ಸಾಧಿಸಿಲ್ಲ.

ಈಗ ಒಬ್ಬ ತುಂಟ ಹುಡುಗ ಒಂದು ಡ್ರೈವರು ಬರೆಯುತ್ತಾನೆ ಎನ್ನಿ. ಅದು 4, 6, 8 ಎಂದು ಒಂದೊಂದೇ ಸಮಸಂಖ್ಯೆಯನ್ನು ಪರೀಕ್ಷಿಸುತ್ತ ಹೋಗುತ್ತದೆ. ಗೋಲ್ಡ್‌ಬಾಖ್‌ನ ಊಹೆ ಸುಳ್ಳಾಗುವ ಸಂಖ್ಯೆ ಸಿಕ್ಕಿದ ಕ್ಷಣ ಬೀಗದ ನಿಯಮ ಮುರಿಯುತ್ತದೆ. ಈ ಡ್ರೈವರಿನಲ್ಲಿ ತಪ್ಪು ಸಂಭವಿಸುತ್ತದೆಯೇ? ಹೌದು ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವ ಯಂತ್ರವಿದ್ದರೆ ಅದು ಪಠ್ಯವನ್ನಷ್ಟೇ ಓದಿ, ಸುಮಾರು ಮುನ್ನೂರು ವರ್ಷಗಳ ಗಣಿತದ ಒಗಟನ್ನು ಬಿಡಿಸಿಬಿಟ್ಟಂತೆ! ಎಲ್ಲ ಪ್ರೋಗ್ರಾಂಗಳಿಗೂ ಹೀಗೆ ಉತ್ತರ ಹೇಳುವ ಯಂತ್ರ ಇರಲು ಸಾಧ್ಯವೇ ಇಲ್ಲವೆಂಬುದಕ್ಕೆ ಬುನಾದಿ ಹಾಕಿದ್ದು 1936ರಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗ್. ಆಗಿನ್ನೂ ಇಂದಿನ ಅರ್ಥದ ಕಂಪ್ಯೂಟರೇ ಇರಲಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ರೈಸ್ ಅದನ್ನು ಪ್ರೋಗ್ರಾಂಗಳ ನಡವಳಿಕೆಯ ಎಲ್ಲ ಬಗೆಯ ಪ್ರಶ್ನೆಗಳಿಗೂ ವಿಸ್ತರಿಸಿದ.

ನಿಜವಾದ ಡ್ರೈವರುಗಳಲ್ಲಿ ಗೋಲ್ಡ್‌ಬಾಖ್ ಇರುವುದಿಲ್ಲ, ನಿಜ. ಆದರೆ ಕವಲುಗಳಿರುತ್ತವೆ. 'ಹೀಗಾದರೆ ಇದು, ಇಲ್ಲವಾದರೆ ಅದು' ಎಂಬ ಒಂದು ಸಾಲು ಬಂದಾಗಲೆಲ್ಲ ದಾರಿಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಇಂಥ ಮೂವತ್ತು ಸಾಲು ಬಂದರೆ 107 ಕೋಟಿಗೂ ಹೆಚ್ಚು ದಾರಿಗಳು. ಚದುರಂಗದ ಮನೆಗಳ ಮೇಲೆ ಅಕ್ಕಿಕಾಳು ಇಟ್ಟ ಹಳೆಯ ಕಥೆಯೇ ಇದು. ಎಲ್ಲವನ್ನೂ ನಡೆದು ನೋಡಲಾಗದ ಯಂತ್ರ ಅಂದಾಜು ಮಾಡಲೇಬೇಕು.

ತೋಳ ಬಂತು ತೋಳ

ಅಂದಾಜಿನಲ್ಲಿ ಎರಡು ಬಗೆ. ಸಂಶಯ ಬಂದಲ್ಲೆಲ್ಲ 'ತಪ್ಪು' ಎಂದು ಕೂಗುವುದು ಒಂದು. ಖಾತ್ರಿಯಾದಲ್ಲಿ ಮಾತ್ರ ಬಾಯಿ ಬಿಡುವುದು ಇನ್ನೊಂದು. ಮೊದಲನೆಯದೇ ಮೇಲು, ಕೂಗಿದರೆ ನಷ್ಟವೇನು ಎಂದು ತೋರಬಹುದು. ಕುರಿ ಕಾಯುವ ಹುಡುಗನ ಕಥೆ ಗೊತ್ತಿರುವವರಿಗೆ ನಷ್ಟವೇನೆಂದು ಬಿಡಿಸಿ ಹೇಳಬೇಕಿಲ್ಲ.

ಕವರಿಟಿಯವರು 2010ರಲ್ಲಿ ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಸುಳ್ಳು ಕೂಗುಗಳ ಪ್ರಮಾಣ ಶೇಕಡಾ 30 ದಾಟಿದರೆ ಜನ ಸಾಧನವನ್ನೇ ನಂಬದಾಗುತ್ತಾರೆ. ನಿಜವಾದ ತಪ್ಪುಗಳೂ ಸುಳ್ಳುಗಳ ರಾಶಿಯಲ್ಲಿ ಹೂತುಹೋಗುತ್ತವೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಯಂತ್ರ ನಿಜವಾದ ತಪ್ಪನ್ನೇ ತೋರಿಸಿದರೂ ಓದುವ ಎಂಜಿನಿಯರಿಗೆ ಅದು ಅರ್ಥವಾಗದಿದ್ದರೆ ಆತ 'ಇದು ಸುಳ್ಳು' ಎಂದು ಗುರುತು ಹಾಕಿ ಮುಂದೆ ಹೋಗುತ್ತಾನೆ. ಹೀಗಾಗಿ, ಒಂದೇ ಕಾಲಕ್ಕೆ ನಡೆಯುವ ಎರಡು ಕೆಲಸಗಳ ತಾಕಲಾಟದಿಂದ ಹುಟ್ಟುವ ತಪ್ಪುಗಳನ್ನು ತೋರಿಸುವುದನ್ನು ಅವರು ಅನೇಕ ವರ್ಷ ಕೈಬಿಟ್ಟಿದ್ದರು. ಹುಡುಕುವುದು ಅಷ್ಟೇನೂ ಕಷ್ಟವಿರಲಿಲ್ಲವಂತೆ, ಬಳಸುವವರಿಗೆ ವಿವರಿಸುವುದು ಕಷ್ಟವಾಗಿತ್ತು!

ಅಂದರೆ ಯಂತ್ರ 'ಯಾವ ತಪ್ಪೂ ಸಿಗಲಿಲ್ಲ' ಎಂದರೆ, 'ಹೇಳಬಹುದಾದ ತಪ್ಪು ಸಿಗಲಿಲ್ಲ' ಎಂದಷ್ಟೇ ಅರ್ಥ. ಅದು ಬಾಯಿ ಮುಚ್ಚಿಕೊಂಡದ್ದು ಕೆಲವೊಮ್ಮೆ ವ್ಯಾಪಾರದ ವಿವೇಕದಿಂದ. ಮಗನೋ ಮಗಳೋ ಪ್ರಾಜೆಕ್ಟ್ ಮುಗಿಸಿ 'ಒಂದೂ ಎರರ್ ಇಲ್ಲ' ಎಂದು ಕಂಪ್ಯೂಟರ್ ಪರದೆ ತೋರಿಸಿದಾಗ ಸಂತೋಷಪಡಬೇಕು, ಆದರೆ ಸ್ವಲ್ಪ ಕಡಿಮೆ.

ಬೀಗ ಹಾಕುವ ಹೊತ್ತು

ಈ ತಾಕಲಾಟದ ತಪ್ಪುಗಳು ಡ್ರೈವರುಗಳಲ್ಲಿ ಧಾರಾಳ. ಏಕೆಂದರೆ ಉಪಕರಣಕ್ಕೆ ಕಾಯುವ ಗುಣವಿಲ್ಲ. ಕೀಲಿ ಒತ್ತಿದೊಡನೆ, ನೆಟ್‌ವರ್ಕಿನಿಂದ ಮಾಹಿತಿ ಬಂದೊಡನೆ ಅದು ಕಂಪ್ಯೂಟರಿನ ತೋಳು ಹಿಡಿದು ಜಗ್ಗುತ್ತದೆ. ಮಾಡುತ್ತಿದ್ದ ಕೆಲಸವನ್ನು ಎಲ್ಲಿದೆಯೋ ಅಲ್ಲಿಯೇ ಬಿಟ್ಟು ಡ್ರೈವರು ಓಡಬೇಕಾಗುತ್ತದೆ.

ಮೈಕ್ರೋಸಾಫ್ಟ್‌ನ ಶಾಜ್ ಖದೀರ್ ಮತ್ತು ಸಂಗಡಿಗರು 2004ರಲ್ಲಿ ಒಂದು ಬ್ಲೂಟೂತ್ ಡ್ರೈವರಿನಲ್ಲಿ ಕಂಡ ತಪ್ಪನ್ನು ಶಾಲೆಯ ಪ್ರಯೋಗಶಾಲೆಗೆ ಹೋಲಿಸಬಹುದು. ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು 'ಮುಚ್ಚುವ ಫಲಕ ಹಾಕಿದ್ದಾರೆಯೇ' ಎಂದು ನೋಡುತ್ತಾಳೆ. ಹಾಕಿಲ್ಲ. ಒಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಅಷ್ಟರಲ್ಲಿ ಯಾರೋ ಕರೆದರೆಂದು ಒಂದು ಗಳಿಗೆ ಹಿಂದೆ ತಿರುಗುತ್ತಾಳೆ. ಆ ಗಳಿಗೆಯಲ್ಲೇ ಅಟೆಂಡರು ಬಂದು ಫಲಕ ಹಾಕಿ, ಪುಸ್ತಕದಲ್ಲಿ ಒಳಗೆ ಯಾರ ಹೆಸರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗ್ಯಾಸು, ಕರೆಂಟು ಎಲ್ಲ ತೆಗೆಯುತ್ತಾನೆ. ಹುಡುಗಿ ಈಗ ಒಳಗೆ ಹೋಗುತ್ತಾಳೆ, ತಾನು ಆಗಲೇ ಫಲಕ ನೋಡಿದ್ದೇನೆಂಬ ಧೈರ್ಯದಿಂದ. ಇಬ್ಬರೂ ನಿಯಮ ಪಾಲಿಸಿದ್ದಾರೆ. ಒಬ್ಬೊಬ್ಬರ ದಿನಚರಿಯನ್ನು ಬೇರೆ ಬೇರೆ ಓದಿದರೆ ಎಲ್ಲೂ ತಪ್ಪಿಲ್ಲ.

ಡ್ರೈವರಿನಲ್ಲಿ ನಡೆದದ್ದೂ ಇದೇ. ಬ್ಲೂಟೂತ್ ನಿಲ್ಲಿಸುವ ಕೆಲಸವೊಂದು, ಬಳಸುವ ಕೆಲಸವೊಂದು. ಫಲಕ ನೋಡುವುದಕ್ಕೂ ಲೆಕ್ಕಕ್ಕೆ ಸೇರಿಸುವುದಕ್ಕೂ ನಡುವಿನ ಕಣ್ಣೆವೆಯ ಅಂತರದಲ್ಲಿ ಇನ್ನೊಂದು ನುಗ್ಗಿತು. ಸ್ಲ್ಯಾಮ್‌ಗೆ ಇದು ಕಾಣುವಂತಿರಲಿಲ್ಲ. ಒಂದು ಸಮಯಕ್ಕೆ ಒಂದೇ ಕೆಲಸ ಎಂದು ಭಾವಿಸಿಕೊಂಡೇ ಅದು ಓದುತ್ತಿತ್ತು. ಖದೀರ್ ತಂಡ, ಕೆಲಸಗಳು ಕೆಲವೇ ಸಲ ಅದಲು ಬದಲಾಗುವಂತೆ ಮಿತಿ ಹಾಕಿ ಸ್ಲ್ಯಾಮ್‌ಗೇ ಇದನ್ನು ಓದಿಸುವ ಉಪಾಯ ಮಾಡಿತು. ಆ ಮಿತಿಯ ಆಚೆಗಿನ ತಾಕಲಾಟ ಆಗಲೂ ಕಾಣದು.

ಸತ್ತುಹೋದ ಕಾರ್ಡುಗಳು

ಎಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಡ್ರೈವರು ಎಂಬುದು ಸಂಭಾಷಣೆಯ ಅರ್ಧ ಭಾಗ. ಉಳಿದರ್ಧ ಉಪಕರಣದೊಳಗೆ, ಸಿಲಿಕಾನಿನಲ್ಲಿ ಇದೆ. ಯಂತ್ರ ಓದುವುದು ಪಠ್ಯದಲ್ಲಿರುವ ಅರ್ಧವನ್ನು ಮಾತ್ರ. ಟೆಲಿಫೋನಿನಲ್ಲಿ ಮಾತನಾಡುವವರ ಪಕ್ಕ ಕುಳಿತು ಒಂದೇ ಕಡೆಯ ಮಾತು ಕೇಳಿಸಿಕೊಂಡಂತೆ.

2008ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್‌ನ ಬರಲಿದ್ದ ಆವೃತ್ತಿಯನ್ನು ಪರೀಕ್ಷಿಸುತ್ತಿದ್ದವರ ಕೆಲವು ಕಂಪ್ಯೂಟರುಗಳಲ್ಲಿ ಇಂಟೆಲ್ ಕಂಪೆನಿಯ ನೆಟ್‌ವರ್ಕ್ ಕಾರ್ಡು ಸತ್ತುಹೋಯಿತು. ಮರಳಿ ಚಾಲೂ ಮಾಡಿದರೂ ಏಳಲಿಲ್ಲ. ಕಾರ್ಡಿನೊಳಗೆ ಅದರ ವಿಳಾಸ ಮತ್ತು ಹೊಂದಾಣಿಕೆಗಳನ್ನು ಹಿಡಿದಿಡುವ ಸಣ್ಣ ಸ್ಮೃತಿಯಿದೆ; ಅದರಲ್ಲಿ ಕಸ ತುಂಬಿಕೊಂಡಿತ್ತು. ತಂತ್ರಾಂಶದ ತಪ್ಪು ಯಂತ್ರಾಂಶವನ್ನೇ ಕೆಡಿಸಿದ ಅಪರೂಪದ ಪ್ರಕರಣ. ಸಂಶಯ ಸಹಜವಾಗಿ ಆ ಕಾರ್ಡಿನ ಡ್ರೈವರಾದ 'ಇ1000ಇ' ಮೇಲೆ ಬಿತ್ತು. ಎಂಜಿನಿಯರುಗಳು ಅದನ್ನು ವಾರಗಟ್ಟಲೆ ತಿರುವಿಹಾಕಿದರು.

ಅಪರಾಧಿ ಡ್ರೈವರಾಗಿರಲಿಲ್ಲ. ಕರ್ನಲ್ಲಿನ ಕೆಲಸಗಳ ಜಾಡು ಹಿಡಿಯಲು ಹೊಸದಾಗಿ ಸೇರಿಸಿದ್ದ 'ಎಫ್‌ಟ್ರೇಸ್' ಎಂಬ ಸೌಲಭ್ಯ ಅದು. ಕರ್ನಲ್ಲಿಗೆ ಸೇರಿಕೊಂಡ ತುಣುಕೊಂದರ ಆರಂಭದ ಸಾಲುಗಳು ಸ್ಮೃತಿಯಲ್ಲಿ ಎಲ್ಲಿವೆ ಎಂದು ಎಫ್‌ಟ್ರೇಸ್ ಬರೆದಿಟ್ಟುಕೊಂಡಿತ್ತು. ಆರಂಭದ ಕೆಲಸ ಮುಗಿದ ಮೇಲೆ ಆ ಜಾಗ ತೆರವಾಯಿತು. ಅದೇ ವಿಳಾಸ ನೆಟ್‌ವರ್ಕ್ ಕಾರ್ಡಿನ ಪಾಲಿಗೆ ಬಂತು. ಮನೆ ಖಾಲಿಯಾಗಿ ಹೊಸ ಬಾಡಿಗೆದಾರರು ಬಂದದ್ದು ತಿಳಿಯದೆ, ಹಳೆಯ ಚೀಟಿ ಹಿಡಿದು ಬಂದ ಬಣ್ಣದವನಂತೆ ಎಫ್‌ಟ್ರೇಸ್ ಅಲ್ಲಿ ಬರೆಯಲು ಹೋಯಿತು.

ಅದು ಬಳಸಿದ್ದು 'ಮೊದಲು ಹೋಲಿಸಿ ನೋಡು, ನಾನು ಎಣಿಸಿದ್ದೇ ಅಲ್ಲಿದ್ದರೆ ಮಾತ್ರ ಬರೆ' ಎಂಬ ಎಚ್ಚರಿಕೆಯ ಆಜ್ಞೆಯನ್ನೇ. ಸಾಮಾನ್ಯ ಸ್ಮೃತಿಯಾಗಿದ್ದರೆ ಹೋಲಿಕೆ ಆಗದೆ ಯಾವ ಅಪಾಯವೂ ಆಗುತ್ತಿರಲಿಲ್ಲ. ಉಪಕರಣದ ಕೋಶಗಳ ಮೇಲೆ ಆ ಆಜ್ಞೆ ಹಾಗೆ ನಡೆದುಕೊಳ್ಳುವುದಿಲ್ಲ. ಹೋಲಿಕೆಯಾಗದಿದ್ದರೂ ಬರಹ ನಡೆದೇಹೋಗುತ್ತದೆ. ಈ ಸಂಗತಿ ಡ್ರೈವರಿನ ಯಾವ ಸಾಲಿನಲ್ಲೂ ಇಲ್ಲ, ಎಫ್‌ಟ್ರೇಸ್‌ನ ಯಾವ ಸಾಲಿನಲ್ಲೂ ಇಲ್ಲ. ಅದು ಇದ್ದದ್ದು ಯಂತ್ರಾಂಶದ ಸ್ವಭಾವದಲ್ಲಿ. ಇ1000ಇ ಡ್ರೈವರನ್ನು ಎಷ್ಟು ಸಲ ಓದಿಸಿದ್ದರೂ ಯಾವ ಸಾಧನವೂ ಏನನ್ನೂ ತೋರಿಸುತ್ತಿರಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ.

ಓಡಿಸಿ ನೋಡುವ ಪದ್ಧತಿಯೂ ಈಚೆಗೆ ಬಹಳ ಬೆಳೆದಿದೆ. ಗೂಗಲ್‌ನವರ 'ಸಿಝ್‌ಕಾಲರ್' ಎಂಬ ಸಾಧನ ಕರ್ನಲ್ಲಿಗೆ ಹಗಲಿರುಳು ಅಡ್ಡಾದಿಡ್ಡಿ ಆಜ್ಞೆಗಳನ್ನು ಕೊಟ್ಟು ಸಾವಿರಾರು ತಪ್ಪುಗಳನ್ನು ಹೊರಗೆಳೆದಿದೆ. ಕೆಲವು ಜಾತಿಯ ತಪ್ಪನ್ನು ಬರೆಯಲೇ ಬಿಡದ 'ರಸ್ಟ್' ಭಾಷೆಗೆ 2022ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ಲು ಬಾಗಿಲು ತೆರೆಯಿತು. ಉಪಕರಣದ ಕೈಪಿಡಿಯನ್ನು ತಪ್ಪಾಗಿ ಓದಿ ಬರೆದ ಡ್ರೈವರನ್ನು ಇವೂ ಸರಿ ಮಾಡಲಾರವು.

ಹೇಳಿಕೊಟ್ಟದ್ದು ಮಾತ್ರ

ಡ್ರೈವರಿನಿಂದ ಒಂದು ಹೆಜ್ಜೆ ಆಚೆ ಹೋಗಿ ಒಂದು ಉದಾಹರಣೆ ನೋಡಬಹುದು. 2014ರಲ್ಲಿ ಅಂತರಜಾಲದ ರಹಸ್ಯ ಸಂಪರ್ಕಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ತೂತು ಕಂಡುಬಂತು. ಹೊರಗಿನವರು ಕಳಿಸಿದ ಒಂದು ಸಂಖ್ಯೆಯನ್ನು ಪರೀಕ್ಷಿಸದೆ ನಂಬಿದ್ದೇ ತಪ್ಪು. ಕವರಿಟಿಯ ಸಾಧನವೂ ಅದನ್ನು ಹಿಡಿದಿರಲಿಲ್ಲ. ಆ ಸಂಖ್ಯೆ ಹೊರಗಿನಿಂದ ಬಂದದ್ದೆಂಬುದೇ ಅದಕ್ಕೆ ತಿಳಿಯಲಿಲ್ಲ. ಸುದ್ದಿಯಾದ ಮೇಲೆ, ನೆಟ್‌ವರ್ಕಿನಿಂದ ಬರುವ ಸಂಖ್ಯೆಗಳ ಬೈಟುಗಳನ್ನು ಹಿಂದು ಮುಂದು ಮಾಡುವ ವಾಡಿಕೆಯನ್ನೇ ಗುರುತಾಗಿ ಹಿಡಿದು ಯಂತ್ರಕ್ಕೆ ಹೊಸ ಪಾಠ ಹೇಳಿಕೊಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಸ್ವಲ್ಪ ಕಠಿಣವಾದೀತು. ಮುಂದಿನ ಕಳ್ಳನಿಗಾದರೂ ಬಾಗಿಲು ಬೇಕಲ್ಲ.

ಜುಲೈ 19ರ ಘಟನೆಗೆ ಮರಳಬಹುದು. ಕ್ರೌಡ್‌ಸ್ಟ್ರೈಕ್‌ನ ಡ್ರೈವರು ಮೈಕ್ರೋಸಾಫ್ಟ್‌ನ ಪ್ರಮಾಣೀಕರಣ ಪರೀಕ್ಷೆ ದಾಟಿಬಂದದ್ದು. ಅಂದು ಬೆಳಿಗ್ಗೆ ಡ್ರೈವರು ಬದಲಾಗಲೂ ಇಲ್ಲ. ಬದಲಾದದ್ದು ಅದು ಓದುವ ಮಾಹಿತಿಯ ಕಡತ. ಹೊಸ ಬಗೆಯ ದಾಳಿಗಳ ಲಕ್ಷಣಗಳನ್ನು ಬರೆದು ಕಂಪೆನಿ ಆಗಾಗ ಇಂಥ ಕಡತಗಳನ್ನು ಕಳಿಸುತ್ತಿತ್ತು. ಫೆಬ್ರುವರಿಯಲ್ಲಿ ಜಾರಿಗೆ ತಂದ ಒಂದು ನಮೂನೆಯಲ್ಲಿ 21 ಅಂಕಣಗಳಿವೆ ಎಂದು ವ್ಯಾಖ್ಯಾನಿಸಲಾಗಿತ್ತು. ಅದಕ್ಕೆ ಮಾಹಿತಿ ಒದಗಿಸುವ ಪ್ರೋಗ್ರಾಂ ಭಾಗ ಕೊಡುತ್ತಿದ್ದದ್ದು 20. ಕಡತಗಳನ್ನು ಕಳಿಸುವ ಮುನ್ನ ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಂ ಇತ್ತು. ಅದೂ 21 ಬರುತ್ತದೆಂದೇ ನಂಬಿತ್ತು.

ಹಾಗಾದರೆ ಐದು ತಿಂಗಳು ಏನೂ ಆಗಲಿಲ್ಲವೇಕೆ? ಮಾರ್ಚ್‌ನಲ್ಲಿ ನಡೆಸಿದ ಪರೀಕ್ಷೆಯಲ್ಲೂ, ಏಪ್ರಿಲ್‌ನಲ್ಲಿ ಕಳಿಸಿದ ಕಡತಗಳಲ್ಲೂ 21ನೆಯ ಅಂಕಣದಲ್ಲಿ 'ಏನಿದ್ದರೂ ಸರಿ' ಎಂಬ ಗುರುತು ಹಾಕಲಾಗಿತ್ತು. ಏನಿದ್ದರೂ ಸರಿ ಎಂದ ಮೇಲೆ ನೋಡುವ ಅಗತ್ಯವೇ ಇಲ್ಲ. ಡ್ರೈವರು ಆ ಜಾಗಕ್ಕೆ ಹೋಗಲೇ ಇಲ್ಲ. ಜುಲೈ 19ರ ಕಡತದಲ್ಲಿ ಮೊದಲ ಬಾರಿಗೆ 21ನೆಯದರಲ್ಲಿ ಏನಿದೆಯೆಂದು ನಿಜವಾಗಿ ನೋಡುವ ಸೂಚನೆಯಿತ್ತು. ಡ್ರೈವರು ನೋಡಲು ಹೋಯಿತು.

ತಪ್ಪು ಯಾವ ಒಂದು ಕಡೆಯೂ ಇರಲಿಲ್ಲ, ಎರಡು ಲೆಕ್ಕಗಳ ನಡುವೆ ಇತ್ತು. 'ಅಲ್ಲಿ ವ್ಯಾಖ್ಯಾನಿಸಿದ ಸಂಖ್ಯೆಯೂ ಇಲ್ಲಿ ಒದಗಿಸುವ ಸಂಖ್ಯೆಯೂ ಒಂದೇ ಆಗಿರಬೇಕು' ಎಂಬ ನಿಯಮವನ್ನು ಯಾರಾದರೂ ಬರೆದಿಟ್ಟಿದ್ದರೆ ಓಡಿಸದೆಯೇ ಅದನ್ನು ಹಿಡಿಯಬಹುದಾಗಿತ್ತು. ಕಂಪೆನಿ ಮಾಡಿದ್ದೂ ಅದನ್ನೇ: ಡ್ರೈವರನ್ನು ತಯಾರಿಸುವ ಹಂತದಲ್ಲೇ ಅಂಕಣಗಳ ಸಂಖ್ಯೆಯನ್ನು ತಾಳೆ ನೋಡುವ ಪರೀಕ್ಷೆಯನ್ನು ಜುಲೈ 27ರಂದು ಸೇರಿಸಿತು. ಜೊತೆಗೆ ಪಟ್ಟಿಯ ಗಡಿ ದಾಟುವ ಮೊದಲು ನಿಂತು ನೋಡುವಂತೆ ಡ್ರೈವರಿಗೂ ಕಲಿಸಿತು, ಹೊಸ ಕಡತಗಳನ್ನು ಎಲ್ಲರಿಗೂ ಒಟ್ಟಿಗೆ ಕಳಿಸದೆ ಹಂತ ಹಂತವಾಗಿ ಕಳಿಸುವ ನಿರ್ಧಾರಕ್ಕೆ ಬಂತು.

ಆ ಕಡತ ಹೊರಬಿದ್ದದ್ದು ಭಾರತದ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ, ಹಿಂತೆಗೆದುಕೊಂಡದ್ದು 10 ಗಂಟೆ 57 ನಿಮಿಷಕ್ಕೆ. ಒಟ್ಟು 78 ನಿಮಿಷ. ಆದರೆ ಅಷ್ಟರೊಳಗೆ ಅದನ್ನು ಪಡೆದು ಕುಸಿದ ಯಂತ್ರಗಳು ತಾವಾಗಿ ಏಳುವಂತಿರಲಿಲ್ಲ. ಚಾಲೂ ಆಗುವಾಗಲೇ ಡ್ರೈವರು ಅದೇ ಕಡತವನ್ನು ಓದಿ ಮತ್ತೆ ಬೀಳುತ್ತಿತ್ತು. ಬಹಳಷ್ಟು ಕಡೆ ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನ ಮುಂದೆ ಕುಳಿತು, ಅದನ್ನು 'ಸೇಫ್ ಮೋಡ್' ಎಂಬ ಕನಿಷ್ಠ ಸ್ಥಿತಿಯಲ್ಲಿ ಎಬ್ಬಿಸಿ, ಆ ಕಡತವನ್ನು ಹುಡುಕಿ ಅಳಿಸಬೇಕಾಯಿತು. ಡಿಸ್ಕಿಗೆ ರಹಸ್ಯಲಿಪಿಯ ರಕ್ಷಣೆ ಹಾಕಿದ್ದ ಕಂಪ್ಯೂಟರುಗಳಲ್ಲಿ ಅದಕ್ಕೂ ಮೊದಲು 48 ಅಂಕಿಗಳ ಕೀಲಿಸಂಖ್ಯೆಯೊಂದನ್ನು, ಒಂದಂಕಿಯೂ ತಪ್ಪದಂತೆ, ಕೈಯಲ್ಲೇ ಒತ್ತಬೇಕಿತ್ತು.